ನೈಲ್ ನದಿಗೆ ಬಿಟ್ಟ ಇಕಾಮಾ

ಖಾರ್ತೂಮ್, 9-10-1987

ಉಗಾರದ ವೈನಿಯವರಿಗೆ, ನಿಮ್ಮ ದಡ್ಡ ಮೈದುನನ ನಮಸ್ಕಾರ.

ಈ ದೇಶದಲ್ಲಿ ಇರಲು ಸರಕಾರ ಕೊಡುವ ಕಾರ್ಡಿಗೆ ಇಕಾಮಾ ಅನ್ನುತ್ತಾರೆ. ನನಗೆ ಅನ್ನ ಹಾಕುವುದು ಇದೂ ಅಲ್ಲವೇ ಎಂದು ಖಂಡೇಪೂಜೆಯ ದಿನ ಫ್ಯಾಕ್ಟರಿಯ ಪಾನಾ, ಸುತ್ತಿಗೆಗಳ ಜೊತೆ ಅದನ್ನೂ ಪೂಜೆಗೆ ಇಟ್ಟೆ. ಮರುದಿನ ಬಾಡಿದ ಹೂಗಳನ್ನು ಗಂಟು ಕಟ್ಟಿ, ನಮ್ಮಲ್ಲಿ ಕೃಷ್ಣೆಗೆ ಬಿಡುವ ಹಾಗೆ, ನೈಲ್ ನದಿಗೆ ಬಿಟ್ಟು ಕೈಮುಗಿದೆ. ಕಾರ್ಡು ಆ ಹೂವಿನೊಳಗೇ ಇತ್ತು.

ನಿನ್ನೆ ಹೊಸದಕ್ಕೆ ಅರ್ಜಿ ಕೊಡಲು ಹೋದೆ. ಜೊತೆಗೆ ಬಂದ ರಾಯಬಾಗದ ಜ್ಞಾನದೇವ, “ಕಳುವಾಗೇತಿ ಅಂತ ಹೇಳೋ, ಮರ್ಯಾದಿ ಉಳೀತೈತಿ” ಅಂದ. ಹಾಗೇ ಹೇಳಿದೆ. “ಯಾರ ಮೇಲೆ ಅನುಮಾನ?” ಎಂದು ಅಧಿಕಾರಿ ಪೆನ್ನು ತೆಗೆದ. ಯಾರ ಹೆಸರು ಹೇಳಲಿ? ನಿಜ ಒಪ್ಪಿಕೊಂಡೆ. ನನ್ನ ಅರಬ್ಬಿ ಸಾಲದೆ, ಗಂಟು ಬಿಟ್ಟದ್ದನ್ನೂ ಕೈಮುಗಿದದ್ದನ್ನೂ ಅಭಿನಯಿಸಿ ತೋರಿಸಿದೆ. ಆತ ಪಕ್ಕದ ಕೋಣೆಯ ನಾಲ್ವರನ್ನು ಕರೆಸಿ ಇನ್ನೊಮ್ಮೆ ಮಾಡಿಸಿದ.

ಮೈಯಲ್ಲಿ ಆರಾಮ ಇದ್ದೇನೆ, ತಲೆ ಮಾತ್ರ ಎತ್ತಲಾಗುತ್ತಿಲ್ಲ.

ಹೊಸ ಕಾರ್ಡಿಗೆ ಹಳೆಯದರ ಝೆರಾಕ್ಸ್ ಬೇಕಂತೆ. ಅದಿಲ್ಲದಿದ್ದರೆ ಬಸುರಿ ತಂಗಿ ಅಕ್ಕುತಾಯಿಯ ಕುಬುಸದ ಕಾರ್ಯಕ್ಕೆ ಊರಿಗೆ ಬರಲು ಬಿಡುವುದಿಲ್ಲ. ಹೋದ ವರ್ಷ ನಾನು ಕಳಿಸಿದ ಪ್ರತಿಯನ್ನು ಅವ್ವ ದೇವರ ಜಗಲಿಯ ಮೇಲೆ ಇಟ್ಟಿದ್ದಾಳೆ. ಕೂಡಲೇ ರಜಿಸ್ಟರ್ ಅಂಚೆಯಲ್ಲಿ ಕಳಿಸಿರಿ. ಅಲ್ಲಿ ಕಾಣದಿದ್ದರೆ ಅವ್ವನನ್ನು ಬೈಯಬೇಡಿರಿ. ಪೂಜೆಯ ಹೂವನ್ನು ಹೊಳೆಗೆ ಬಿಡುವುದನ್ನು ನನಗೆ ಕಲಿಸಿದವಳು ಅವಳೇ.

ಜಾಗ ಮುಗಿಯಿತು.
ವಿರುಪಾಕ್ಷಪ್ಪ