ಗಾಜು ಎತ್ತುವ ಪದ

ಅಂಗಡಿಯ ಮೇಲಿನ ಮನೆ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಬಂಗಾರಿ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲ ಅರ್ಧ ಲೋಟ ಟೀ ಕುಡಿದು ಮಧ್ಯಾಹ್ನದವರೆಗೆ ಎಳೆಯುವ ಹಳೇ ಚಾಳಿಯೇ ನಡೆದಿದೆಯೋ? ಅಷ್ಟೆತ್ತರದ ಕಟ್ಟಡಗಳಿಗೆ ಗಾಜು ಕೂರಿಸುವವರಿಗೆಲ್ಲ ನೀನು ಮೇಲ್ವಿಚಾರಕಿ. ಬೆಲ್ಟು ಹಾಕಿಕೊಳ್ಳಿ ಎಂದು ಅವರಿಗೆಲ್ಲ ಬೈದು, ನೀನು ಮಾತ್ರ ಹಾಕಿಕೊಳ್ಳದೆ ನಿಂತಿರುತ್ತೀಯ, ನನಗೆ ಗೊತ್ತಿಲ್ಲವೇ? ನಾವಿಲ್ಲಿ ಪರವಾಗಿಲ್ಲ. ನಿಮ್ಮಪ್ಪನ ಬಲಗಾಲು ಎಳೆದುಕೊಂಡಾದರೂ ಬಾಗಿಲವರೆಗೆ ಹೋಗುತ್ತದೆ. ಬಲಗೈ ಮಾತ್ರ ಇನ್ನೂ ಮುನಿಸಿಕೊಂಡು ತೊಡೆಯ ಮೇಲೆ ಕೂತಿದೆ.

ಫೋನ್ ಇರುವಾಗ ಅಮ್ಮನಿಗೆ ಇದೇನು ಕಾಗದದ ಹುಚ್ಚು ಎನ್ನಬೇಡ. ಫೋನಿನಲ್ಲಿ ಅಪ್ಪನ ಮಾತು ತೆಗೆದರೆ ಸಾಕು, ನಿನ್ನ ಕಡೆ ಸಿಗ್ನಲ್ ಹೋಗುತ್ತದೆ. ಅವರಿಗೇ ಕೊಡುತ್ತೇನೆ ಇರು ಎಂದರೆ ಬ್ಯಾಟರಿಯೇ ಪ್ರಾಣ ಬಿಡುತ್ತದೆ. ಕಾಗದಕ್ಕೆ ಆ ರೋಗಗಳಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ನೋಡಿ ಹೋದಮೇಲೆ ನೀನು ಅವರೊಡನೆ ಒಮ್ಮೆಯೂ ಮಾತಾಡಿಲ್ಲ. "ಒಂದೇ ಪದ ಹೇಳೋ ಅಪ್ಪನ ಹತ್ರ ನಾನೇನ್ ಮಾತಾಡ್ಲಿ ಅಮ್ಮಾ, ನನ್ನ ಕೈಲಾಗಲ್ಲ" ಎಂದು ಅತ್ತಿದ್ದೆಯಲ್ಲ, ಅವತ್ತು ಸುಮ್ಮನಿದ್ದೆ. ಇವತ್ತು ಸುಮ್ಮನಿರುವುದಿಲ್ಲ. ಅವರು ಮಲಗಿದ್ದಾರೆ, ಅಂಗಡಿಗೆ ರಜೆ, ನನಗೆ ಬೇಕಾದಷ್ಟು ಹೊತ್ತಿದೆ. ನೀನೂ ಕೂತು ಸಾವಧಾನವಾಗಿ ಓದು.

ಆ ಪದ ನಮ್ಮ ಮನೆಗೆ ಬಂದ ಕತೆ ನಿನಗೆ ಪೂರ್ತಿ ಗೊತ್ತಿಲ್ಲ. ನೀನು ಹುಟ್ಟುವುದಕ್ಕೆ ಮುಂಚಿನ ಮಾತು. ಅಂಗಡಿ ಹೊಸದು, ಮದುವೆಯೂ ಹೊಸದು, ಕೆಲಸಕ್ಕೆ ನಾವಿಬ್ಬರೇ. ದೊಡ್ಡ ಗಾಜಿನ ಶೀಟನ್ನು ಇಬ್ಬರೂ ಒಟ್ಟಿಗೆ ಎತ್ತಬೇಕಲ್ಲ, ನಿಮ್ಮಪ್ಪ ಆ ತುದಿಯಿಂದ "ಈಗ" ಎನ್ನುತ್ತಿದ್ದರು. ನಾನು ಅವಸರದವಳು, "ಈ" ಎನ್ನುವಷ್ಟರಲ್ಲಿ ಎತ್ತಿಬಿಡುತ್ತಿದ್ದೆ. ಅವರು ನಿಧಾನಸ್ಥರು, "ಗ" ಮುಗಿದು ಇನ್ನೊಂದು ಉಸಿರಾದ ಮೇಲೆ ಅವರ ಕೈ ಏಳುತ್ತಿತ್ತು. ನಡುವೆ ಸಿಕ್ಕ ಗಾಜು ಏನು ಮಾಡಬೇಕು ಪಾಪ? ಬಟ್ಟೆ ಅಂಗಡಿಗೆಂದು ಕೊಯ್ದಿಟ್ಟಿದ್ದ ಆಳೆತ್ತರದ ಕನ್ನಡಿ ಚಟ್ಟೆಂದು ಮೂಲೆಯಿಂದ ಮೂಲೆಗೆ ಸೀಳಿತು. ಅವತ್ತು ನಾವಿಬ್ಬರೂ ಮುಖ ಊದಿಸಿಕೊಂಡು ಊಟ ಬಿಟ್ಟೆವು. "ಎತ್ತು" ಎಂದು ನೋಡಿದೆವು, ಅದೇ ಹಣೆಬರಹ. "ಹೂಂ" ಎಂದು ಶುರುಮಾಡಿದೆವು. ಬಾಗಿಲಲ್ಲಿ ನಿಂತ ಗಿರಾಕಿ ಏನೋ ಕೇಳಿದ್ದಕ್ಕೆ ಇವರು ಹೂಂ ಎಂದರು, ನಾನು ನನ್ನ ತುದಿಯನ್ನು ಎತ್ತಿಯೇಬಿಟ್ಟೆ! ಕೊನೆಗೆ ಇವರು ಎಲ್ಲಿಂದಲೋ ಆ ಇಂಗ್ಲಿಷ್ ಪದ ಹಿಡಿದು ತಂದರು. ನೌ. ಒಂದೇ ಉಸಿರು, ಬಾಯಿ ತೆರೆಯುವಷ್ಟರಲ್ಲಿ ಮುಗಿದಿರುತ್ತದೆ, ಅವಸರ ಮಾಡಲು ನನಗೂ ಜಾಗವಿಲ್ಲ, ನಿಧಾನಿಸಲು ಅವರಿಗೂ ಇಲ್ಲ. "ಇದು ಗಾಜಿಗೆ ಮಾತ್ರ. ಬೇರೆ ಯಾವುದಕ್ಕೂ ಖರ್ಚು ಮಾಡ್ಬೇಡ" ಎಂದು ಕಟ್ಟಪ್ಪಣೆ ಮಾಡಿದರು. ನಾವು ಹಾಗೆಯೇ ನಡೆದುಕೊಂಡೆವು.

ನೀನೋ, ರಟ್ಟಿನ ಹಾಳೆಯ ತುದಿ ಹಿಡಿದೇ ಬೆಳೆದವಳು. ಅಪ್ಪ ಆ ಕಡೆ, ನೀನು ಈ ಕಡೆ, ನೌ ಎಂದರೆ ಎತ್ತುವುದು, ನೌ ಎಂದರೆ ಇಳಿಸುವುದು, ಅದೇ ಆಟ. ಶಾಲೆಗೆ ಸೇರಿಸಿದ ಹೊಸದರಲ್ಲಿ ಟೀಚರ್ ನಮ್ಮನ್ನು ಕರೆಸಿದ್ದು ನೆನಪಿದೆಯೇ? ಅವರು ಪುಸ್ತಕ ತೆಗೆಯಿರಿ ಎನ್ನಲು ಇಂಗ್ಲಿಷಿನಲ್ಲಿ ನೌ ಎಂದು ಶುರುಮಾಡಿದ್ದೇ ತಡ, ನೀನು ಬಗ್ಗಿ ಬೆಂಚಿನ ತುದಿ ಎತ್ತಿದೆಯಂತೆ. ಮೇಲೆ ಕೂತಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಜಾರಿಬಿದ್ದರಂತೆ. ಯಾಕೆ ಹಾಗೆ ಮಾಡಿದೆ ಎಂದರೆ, "ಮಿಸ್ಸೇ ನೌ ಅಂದ್ರು, ಆಮೇಲೆ ಆ ಕಡೆ ಅವರು ಎತ್ತಲೇ ಇಲ್ಲ" ಎಂದು ಟೀಚರ ಮೇಲೇ ದೂರು! ನಿಮ್ಮಪ್ಪ ಅವರ ಮುಂದೆ ತಲೆ ತಗ್ಗಿಸಿ ನಿಂತು ಬಂದು, ಬೀದಿಯ ತಿರುವಿನಲ್ಲಿ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಾಚಿಕೆಯಾಗಿ ನಿಮ್ಮಿಬ್ಬರನ್ನೂ ಬಿಟ್ಟು ಮುಂದೆ ನಡೆದೆ.

ದೊಡ್ಡ ತರಗತಿಗೆ ಬಂದಮೇಲೆ ಆ ಪದದ ಪಾಠವೇ ಶುರುವಾಯಿತು. ಸಂಜೆ ಅಂಗಡಿಯ ಮೇಜಿನ ಕೆಳಗೆ ಕೂತು ಒಪ್ಪಿಸುತ್ತಿದ್ದೆ. ನೌ ಎಂದರೆ ಈಗ. ಅದರ ಜೊತೆ ದೆನ್ ಸೇರಿಸಿದರೆ ಆಗಾಗ. ಅಳುವವರನ್ನು ಸಮಾಧಾನ ಮಾಡಬೇಕಾದರೆ ಎರಡು ಸಲ ಮೆಲ್ಲಗೆ ನೌ ನೌ. ಗದರಬೇಕಾದರೂ ಅದೇ. ರಾಜ ಸತ್ತು ಯಾವ ಕಾಲವಾಗಿದ್ದರೂ ಕತೆ ಶುರುಮಾಡುವವರು ನೌ ಎಂದೇ ಶುರುಮಾಡಬಹುದಂತೆ. ನಿಮ್ಮಪ್ಪ ಗಾಜು ಕೊಯ್ಯುವ ಕಟರಿಗೆ ಸೀಮೆಎಣ್ಣೆ ಹಚ್ಚುತ್ತ, "ಇಷ್ಟೊಂದು ಕೆಲಸಕ್ಕೆ ಒಂದೇ ಪದಾನ? ಪಾಪ, ಅದಕ್ಕೆ ರಜಾನೇ ಇಲ್ವಾ?" ಎಂದಿದ್ದರು. ಹಳೇ ರಾಜನ ಕತೆಗೆ ಈಗ ಯಾಕೆ ಎಂದು ನೀನು ಹಟ ಹಿಡಿದಾಗ ಸ್ವಲ್ಪ ಯೋಚಿಸಿ, "ಶೀಟು ಮುಟ್ಟೋ ಮುಂಚೆ ಕೈ ಒರೆಸ್ಕೋತೀವಲ್ಲ, ಅಂಥದ್ದಿರಬೇಕು" ಎಂದರು. ಮರುದಿನ ನೀನು ಅದನ್ನೇ ತರಗತಿಯಲ್ಲಿ ಹೇಳಿ ಶಭಾಷ್ ಎನಿಸಿಕೊಂಡು ಬಂದೆ.

ಆಮೇಲೆ ನನ್ನ ಬೆನ್ನು ನೋವು ಶುರುವಾಗಿ, ನನ್ನ ತುದಿ ನಿನ್ನದಾಯಿತು. ನೀನು ಹಿಮ್ಮುಖವಾಗಿ ನಡೆಯಬೇಕು, ಅವರು ನಿನ್ನ ಕಣ್ಣಾಗಬೇಕು. ನಾನು ಇದೇ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಬೀದಿಯಲ್ಲಿ ಒಂದು ಕನ್ನಡಿ ಹೋಗುತ್ತಿತ್ತು, ಅದರೊಳಗೆ ಆಕಾಶವಿತ್ತು, ಎದುರು ಮನೆಯ ಒಣಹಾಕಿದ ಬಟ್ಟೆಗಳಿದ್ದವು, ಕೆಳಗೆ ಒಂದೇ ತಾಳದಲ್ಲಿ ನಾಲ್ಕು ಕಾಲು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಗುಂಡಿ ಬಂದರೆ, ಮೆಟ್ಟಿಲು ಬಂದರೆ ಅವರದೊಂದು ನೌ, ನಿನ್ನ ಕಾಲಿಗೆ ಅಷ್ಟು ಸಾಕು. ಹೆತ್ತ ತಾಯಿ ನಾನು, ನನಗೇ ಹೊಟ್ಟೆಕಿಚ್ಚಾಗುತ್ತಿತ್ತು ಕಣೇ. ಆ ದಿನಗಳು ಎಷ್ಟು ಚೆನ್ನಾಗಿದ್ದವು.

ಅವರಿಗೆ ಪಾರ್ಶ್ವವಾಯು ಬಡಿದು ಬಾಯಿಂದ ಎಲ್ಲ ಮಾತೂ ಹೋಗಿ ಅದೊಂದೇ ಉಳಿಯಿತಲ್ಲ, ಮೊದಮೊದಲು ನನಗೂ ನಿನ್ನ ಹಾಗೆಯೇ ಎದೆ ಒಡೆಯಿತು. ಮಾತು ಕಲಿಸುವ ಮೇಡಂ, "ಹೀಗಾಗೋದುಂಟು ಅಮ್ಮಾ, ಕೆಲವರಿಗೆ ಒಂದೇ ಪದ ಉಳಿದುಬಿಡತ್ತೆ" ಎಂದರು. ನೀರು ಕೇಳಿದರೆ ನಾನು ದಿಂಬು ತಂದೆ, ಕನ್ನಡಕ ಕೇಳಿದರೆ ಔಷಧಿ ತಂದೆ. ಅವರಿಗೆ ಸಿಟ್ಟು, ನನಗೆ ಸಿಟ್ಟು. ಒಂದು ದಿನ ಸಹನೆ ಕೆಟ್ಟು, "ಇನ್ನೊಂದ್ಸಲ ನೌ ಅಂದ್ರೆ ನಾನು ಈ ಮನೇಲಿರಲ್ಲ" ಎಂದು ಕೂಗಿ ಅಡುಗೆಮನೆಯಲ್ಲಿ ಕೂತು ಅತ್ತೆ. ಕುರ್ಚಿಯಿಂದ ದನಿ ಬಂತು, ಮೆಲ್ಲಗೆ, ಎರಡು ಸಲ. ನೌ, ನೌ. ನೀನು ಮೇಜಿನ ಕೆಳಗೆ ಕೂತು ಒಪ್ಪಿಸುತ್ತಿದ್ದೆಯಲ್ಲ, ಥೇಟ್ ಹಾಗೆ. ಅಳು ನಿಂತೇಹೋಯಿತು. ಅಯ್ಯೋ, ಈ ಮನುಷ್ಯ ಮಾತಾಡುತ್ತಲೇ ಇದ್ದಾರೆ, ಕೇಳಿಸಿಕೊಳ್ಳುವವಳು ನಾನು ಪದವನ್ನು ಹಿಡಿದುಕೊಂಡು ಕೂತಿದ್ದೇನೆ ಎನಿಸಿತು.

ಅವತ್ತಿನಿಂದ ಪದ ಬಿಟ್ಟು ದನಿ ಕೇಳತೊಡಗಿದೆ. ಮೊಟಕಾಗಿ, ಗಂಟಲಲ್ಲೇ ಮುರಿದರೆ ನೀರು. ಉದ್ದಕ್ಕೆ ಎಳೆದು ಕೆಳಗಿಳಿಸಿದರೆ ಸೆಕೆ, ಕಿಟಕಿ ತೆರೆಯಬೇಕು. ಮೂಗಿನಿಂದ ಬಂದರೆ ನಾನು ಹೇಳುತ್ತಿರುವುದು ಬರೀ ಬುರುಡೆ ಎಂದು ಅರ್ಥ, ಇದನ್ನು ದಿನಕ್ಕೆ ಬೇಕಾದಷ್ಟು ಸಲ ಕೇಳುತ್ತೇನೆ. ತುಟಿ ಬಿಗಿದು ಅಂದರೆ ನೋವಿದೆ, ಆದರೆ ಹೇಳಿಕೊಳ್ಳಲು ಇಷ್ಟವಿಲ್ಲ. ಮೇಡಂ ಬಂದಾಗ ನಾನೇ ನಡುವೆ ಕೂತು ಅನುವಾದ ಮಾಡಬೇಕು. ಅಂಗಡಿ ನೋಡಿಕೊಳ್ಳುವ ನಮ್ಮ ಉದ್ದಣ್ಣನಿಗೆ ಅರ್ಧಂಬರ್ಧ ತಿಳಿಯುತ್ತದೆ, ಅವನೂ ಕಷ್ಟದ್ದಕ್ಕೆಲ್ಲ ಕೆಳಗಿನಿಂದ "ಅಕ್ಕಾ, ಏನಂತೆ ನೋಡಿ" ಎಂದು ನನ್ನನ್ನೇ ಕೂಗುತ್ತಾನೆ. ಒಟ್ಟಿನಲ್ಲಿ ನಿಮ್ಮಪ್ಪನ ಭಾಷೆ ಬಲ್ಲವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಮದುವೆಯಾದ ಹೊಸತರಲ್ಲಿ ಇವರ ಮನಸ್ಸಿನಲ್ಲಿ ಏನಿದೆಯೋ ತಿಳಿಯದು ಎಂದು ಗೊಣಗುತ್ತಿದ್ದವಳು ಇವಳೇನಾ!

ಮೊನ್ನೆ ಕೆಳಗಿನ ಬೀದಿಯ ಕ್ಷೌರದ ಅಂಗಡಿಗೆ ಗೋಡೆಯಗಲದ ಕನ್ನಡಿ ಹೋಗಬೇಕಿತ್ತು. ಉದ್ದಣ್ಣನ ಜೊತೆ ಹೊಸಬನೊಬ್ಬ ಸೇರಿದ್ದಾನೆ, ಗಟ್ಟಿಗ, ಆದರೆ ನನ್ನಂಥವನೇ, ಅವಸರದ ಪ್ರಾಣಿ. ಎರಡು ಸಲ ಎತ್ತಲು ಹೋಗಿ ಎರಡು ಸಲವೂ ಕನ್ನಡಿ ವಾಲಿತು. ಉದ್ದಣ್ಣ ದಿನಾ ಇಳಿಸಿ ಕೂರಿಸುವ ಅಂಗಡಿ ಬಾಗಿಲ ಬಳಿಯ ಕುರ್ಚಿಯಿಂದ ನಿಮ್ಮಪ್ಪ ಎಡಗೈ ಎತ್ತಿದರು. ಇಬ್ಬರೂ ನಿಂತರು. ಇಬ್ಬರ ಕೈಯೂ ಸರಿಯಾಗಿ ಕೂರುವವರೆಗೆ ತಡೆದು, ಸ್ಪಷ್ಟವಾಗಿ, ಹಳೆಯ ಗಂಟಲಿನಲ್ಲಿ ನೌ ಎಂದರು ನೋಡು! ಕನ್ನಡಿ ಹೂವೆತ್ತಿದ ಹಾಗೆ ಎದ್ದಿತು. ಉದ್ದಣ್ಣ ಅಷ್ಟುದ್ದದ ಆಳು, ಅವನ ಕಣ್ಣೂ ಒದ್ದೆಯಾಯಿತು. ಗಾಡಿ ಹೋದಮೇಲೆ ನಿಮ್ಮಪ್ಪ ಖಾಲಿ ಮೇಜಿನ ಕಡೆ ತಿರುಗಿ, ನೀನು ನಿಲ್ಲುತ್ತಿದ್ದ ತುದಿಯನ್ನೇ ನೋಡುತ್ತ ಇನ್ನೊಮ್ಮೆ ಅಂದರು, ಬಲು ಸಣ್ಣಗೆ. ನಿನ್ನನ್ನು ನೋಡಬೇಕಂತೆ. ನನಗೆ ಬೇರೆ ಅರ್ಥ ತೋಚಲಿಲ್ಲ.

ಇನ್ನು ಆಸ್ಪತ್ರೆಯ ವಿಷಯ. ನೀನು ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬಂದೆ. ಅವರು ನಿನ್ನನ್ನು ನೋಡಿ ಹುಬ್ಬೆತ್ತಿ, ಕೊನೆಯಲ್ಲಿ ದನಿಯನ್ನು ಮೇಲಕ್ಕೆಳೆದು ನೌ ಎಂದರು. ಮತ್ತೆ ಮತ್ತೆ ಎಂದರು. ನೀನು ದಿಂಬು ಸರಿಮಾಡಿದೆ, ನೀರು ಹಿಡಿದೆ, ನರ್ಸನ್ನು ಕರೆದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. "ಎತ್ತು ಅಂತಿದ್ದಾರಮ್ಮ, ನಾನೇನನ್ನ ಎತ್ಲಿ" ಎಂದು ಮೆಟ್ಟಿಲ ಮೇಲೆ ಕೂತು ಬಿಕ್ಕಿದೆ. ನಿನ್ನದೇನೂ ತಪ್ಪಿಲ್ಲ, ಆಗ ನನಗೂ ತಿಳಿಯಲಿಲ್ಲ. ಅದೇ ದನಿಯನ್ನು ನಾನೀಗ ದಿನಾ ಕೇಳುತ್ತೇನೆ. ಅವರಿಗೆ ತಿನ್ನಿಸಿ ನಾನು ಏಳುವಾಗ ಹಾಗೆಯೇ ಹುಬ್ಬೆತ್ತಿ ಅನ್ನುತ್ತಾರೆ. ಹೂಂ ಎಂದು ಸುಳ್ಳು ಹೇಳಿದರೆ ನನ್ನ ತಟ್ಟೆಯ ಕಡೆ ನೋಡುತ್ತಾರೆ, ತಟ್ಟೆ ಒಣಗಿದ್ದರೆ ಬಿಡುವುದಿಲ್ಲ. "ನಿನ್ನ ಊಟ ಆಯ್ತಾ?" ಅಷ್ಟೇ ಕಣೇ ಬಂಗಾರಿ. ಅವತ್ತು ನಿನ್ನನ್ನು ಕೇಳಿದ್ದೂ ಅಷ್ಟೇ.

ಆದ್ದರಿಂದ ಹೆದರಬೇಡ. ಫೋನ್ ಮಾಡು, ಅವರಿಗೇ ಕೊಡುತ್ತೇನೆ, ನಿನ್ನ ಕೆಲಸದ ಸುದ್ದಿ ಹೇಳು, ನಡುನಡುವೆ ಅವರು ಅಂದದ್ದಕ್ಕೆ ತೋಚಿದ ಉತ್ತರ ಕೊಡು. ತಪ್ಪಾದರೆ ಮೂಗಿನಿಂದ ಅನ್ನುತ್ತಾರೆ, ಆಗ ನಕ್ಕುಬಿಡು. ನಿನ್ನನ್ನು ಕೇಳಿದೆನೆಂದು ತಿಳಿಸಲು ಉದ್ದಣ್ಣ ಹೇಳಿದ್ದಾನೆ. ನೀನು ಕೈ ಹಾಕಿದ ಗಾಜು ಒಂದೂ ಬಿರುಕು ಬಿಡದಿರಲಿ, ನಿನ್ನ ಕಾಲ ಕೆಳಗಿನ ಹಲಗೆ ಯಾವತ್ತೂ ಗಟ್ಟಿಯಾಗಿರಲಿ, ನೂರು ಕಾಲ ನಗುತ್ತ ಬಾಳು.

ನಿನ್ನ
ಅಮ್ಮ

ತಾ.ಕ.: ಮೇಲೆ ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ, ಧೈರ್ಯ ಸಾಲಲಿಲ್ಲ. ಹೋದ ವಾರ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆ. ಬಲಗಿವಿ ಆಗಲೇ ಹೋಗಿದೆಯಂತೆ, ಎಡಗಿವಿಯೂ ಅದೇ ದಾರಿ ಹಿಡಿದಿದೆಯಂತೆ. ಮಷೀನು ಹಾಕಿದರೆ ಸದ್ದು ಕೇಳುತ್ತದೆ, ಆದರೆ ದನಿಯ ಏರಿಳಿತ ನನಗೆ ಸಿಗುವುದು ಅನುಮಾನ ಎಂದರು. ನಿನ್ನೆ ನಿಮ್ಮಪ್ಪ ನೀರು ಕೇಳಿದರೆ ಕಿಟಕಿ ತೆರೆದೆ. ಅವರು ಕಿಟಕಿಯನ್ನೂ ನೋಡಿದರು, ನನ್ನನ್ನೂ ನೋಡಿದರು, ಆಮೇಲೆ ಏನೂ ಕೇಳಲಿಲ್ಲ. ನಾನಿನ್ನೂ ಅವರಿಗೆ ಹೇಳಿಲ್ಲ. ಫೋನಿನ ಮಾತು ಹಾಗಿರಲಿ, ರಜೆ ಹಾಕಿ ಹೊರಟು ಬಾ. ನಿನಗೆ ಕಲಿಸುವಷ್ಟು ಕಿವಿ ನನಗೆ ಇನ್ನೂ ಉಳಿದಿದೆ.