ನಡುವಿನ ನಾಲ್ಕು ಸಾಲು

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 7

ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಮನೆ ಒಳಗೆ 98 ಡಿಗ್ರಿ ಫ್ಯಾರನ್‌ಹೀಟ್. ಸೊಪ್ಪು ಹಳದಿಗೆ ತಿರುಗ್ತಿದೆ. ಇನ್ನು ಐದು ದಿನ ಇಲ್ಲೇ. ಕಟ್ಟೆಮಳಲವಾಡಿ ಬಸ್‌ಸ್ಟಾಪಿಗೂ ಹೋಗೋ ಹಾಗಿಲ್ಲ. ಗಂಟೆಗೊಂದು ಸಲ ಬಿಸಿ ನೋಡು, ಪುಸ್ತಕದಲ್ಲಿ ಬರೆ, ಒಲೆಗೆ ಸೌದೆ ತಳ್ಳು. ಎಸ್ಸೆಸ್ಸೆಲ್ಸಿ ಆದಮೇಲೆ ಇದು ಏಳನೇ ವರ್ಷ.

ಆಗಸ್ಟ್ 5

ದೊಡ್ಡಪ್ಪನ ಮಗಳು ಕಾವ್ಯಶ್ರೀ ಅಕ್ಕ ಮೈಸೂರಿಂದ ಬಂದಿದ್ದಳು. ಪಿಎಚ್‌ಡಿ ಮಾಡ್ತಾಳೆ. ನನ್ನ ಬಿಸಿ ಪುಸ್ತಕ ತಿರುವಿ, 'ಎಷ್ಟು ನೀಟಾಗಿ ಬರ್ದಿದ್ದೀಯಲ್ಲೋ!' ಅಂದಳು. ಅವಳ ಪಿಎಚ್‌ಡಿ ಲೆಕ್ಕ ಓಡಿಸಿ ಬರೆದುಕೊಡು ಅಂತ ಹಳೇ ಲ್ಯಾಪ್‌ಟಾಪ್ ಕೊಟ್ಟುಹೋದಳು.

ಕಂಪ್ಯೂಟರ್ ಒಳಗೆ ಎರಡು ಬ್ಲಾಕ್ ಹೋಲ್. ಸ್ವಲ್ಪ ಸ್ವಲ್ಪ ಹತ್ತಿರ ತರಬೇಕು, ಒಂದೊಂದು ದೂರಕ್ಕೆ ಒಂದೊಂದು ಸಾಲು ಬರೀಬೇಕು. ಎರಡನ್ನೂ ಸೇರಿಸಿ ಸುತ್ತುವ ಒಂದೇ ಗಡಿ ಇದೆಯಾ ಅಂತ ಅಕ್ಕನ ಹೊಸ ಮೆಥಡ್ ಹುಡುಕುತ್ತೆ. ಶುರುವಿಗೆ ಅಂದಾಜಲ್ಲಿ ಒಂದು ಬಳೆ ಕೊಡೋದು ನಾನು. ಬಳೆ ಕುಗ್ಗಿ ಗಡಿ ಮೇಲೆ ಕೂತರೆ ಅಳತೆ ಬರೆಯೋದು. ಕೂರದಿದ್ದರೆ 0.

'ಗಡಿ ಅಂದ್ರೆ?'

'ಅದರೊಳಗಿಂದ ಬೆಳಕೂ ಆಚೆ ಬರಲ್ಲ ಕಣೋ.'

'ನಮ್ಮ ಬ್ಯಾರನ್ ಇದ್ದಂಗೆ ಅನ್ನು.'

ನಕ್ಕಳು. ಚೆನ್ನಾಗಿ ಮಾಡಿದ್ರೆ ಲ್ಯಾಬಲ್ಲಿ ಅಟೆಂಡರ್ ಕೆಲಸಕ್ಕೆ ಅವಳ ಗೈಡ್ ಸರ್‌ಗೆ ಹೇಳ್ತಾಳಂತೆ. ಮೈಸೂರು...

ಆಗಸ್ಟ್ 8. ಮಧ್ಯಾಹ್ನ 3

ನೂರಿಪ್ಪತ್ತು ಸಾಲಲ್ಲಿ ನಾಲ್ಕು ಬಿಟ್ಟುಹೋಯ್ತು. ಆ ನಾಲ್ಕು ದೂರಕ್ಕೆ ಬಳೆ ಕೂರಲೂ ಇಲ್ಲ, ಬಿಡಲೂ ಇಲ್ಲ. ಸುತ್ತುತ್ತಲೇ ಇತ್ತು. ಅಷ್ಟರಲ್ಲಿ ಅಪ್ಪ—

'ಲೇ ಮಾದೇಶ, ಬಿಸಿ ನೂರೆಪ್ಪತ್ತು ದಾಟ್ತಾ ಅದೆ ಕಣ್ಲಾ! ಸೊಪ್ಪು ಸುಟ್ಟೋದ್ರೆ ಹರಾಜಿಗೆ ನಿನ್ನ ಡಬ್ಬ ಹೊತ್ಕೊಂಡು ಓಗ್ಲಾ?'

ಓಡಿದೆ. ವಾಪಸ್ ಬಂದಾಗ ಲ್ಯಾಪ್‌ಟಾಪ್ ಆಫ್. ಸಂಜೆ ಅಕ್ಕನಿಗೆ ಅಳತೆ ಬರೆದ ಪುಸ್ತಕದ ಫೋಟೊ ಕಳಿಸಲೇಬೇಕು.

ಬಿಟ್ಟುಹೋದ ಗಂಟೆಗೆ ಬ್ಯಾರನ್ ಪುಸ್ತಕದಲ್ಲಿ ಹೇಗೆ ತುಂಬ್ತೀವೋ ಹಾಗೇ ತುಂಬಿದೆ. ಹಿಂದೆ 120, ಮುಂದೆ 124 ಇದ್ದರೆ ನಡುವೆ 122. ಬಿಸಿ ಹಾರಲ್ಲ, ಏರುತ್ತೆ. ಊರಲ್ಲಿ ಎಲ್ಲರೂ ಹೀಗೇ. ಇಲ್ಲಿ ಮೇಲಿನ ಸಾಲು 0, ಕೆಳಗಿನದು 184. ನಡುವೆ 35, 75, 110, 150. ನೀಟಾಗಿ ಕಂಡಿತು.

ಆಗಸ್ಟ್ 16

ಅಕ್ಕನ ಫೋನ್. 'ಸರ್‌ಗೆ ನಿನ್ನ ಬರಹ ತುಂಬ ಹಿಡಿಸ್ತು ಕಣೋ. ಒಂದನೇ ತಾರೀಕಿಂದ ಕೆಲಸಕ್ಕೆ ಬರಲಿ ಅಂದ್ರು.'

ಕುಣಿಯೋಣ ಅನ್ನಿಸ್ತು. ಆದರೆ ಅವಳ ದನಿ ಬಿದ್ದುಹೋಗಿತ್ತು.

'ಯಾಕಕ್ಕ?'

'ನನ್ನ ಮೆಥಡ್ಡೇ ಸರಿ ಇಲ್ಲ. ಆ ಗಡಿ ಸಣ್ಣದಾಗಿ ಹುಟ್ಟಿ ಬೆಳೆಯಲ್ಲ ಮಾದೇಶ. ಒಂದು ದೂರದವರೆಗೂ ಇರೋದೇ ಇಲ್ಲ. ಆಮೇಲೆ ಒಂದೇ ಸಲಕ್ಕೆ ದೊಡ್ಡದಾಗೇ ಸಿಗುತ್ತೆ. ನಂದು ನಾಲ್ಕು ಕಡೆ ಇಲ್ಲದ ಗಡಿ ತೋರಿಸ್ತಿದೆ.'

'ಇನ್ನೊಂದ್ಸಲ ಓಡ್ಸಿ ನೋಡು...'

'ನೋಡ್ದೆ. ಇಲ್ಲಿ ಸೊನ್ನೆ ಬಂತು. ಅದಿನ್ನೂ ಕೆಟ್ಟದ್ದು. ಒಂದೊಂದು ಸಲ ಒಂದೊಂದು ಹೇಳಿದ್ರೆ ಯಾರು ನಂಬ್ತಾರೆ? ಸೋಮವಾರದಿಂದ ಈ ಮೆಥಡ್ ಕೈಬಿಡು ಅಂದಿದ್ದಾರೆ ಸರ್. ಎರಡು ವರ್ಷ ಕಣೋ...'

'ಊಟ ಆಯ್ತಾ ಅಕ್ಕ?' ಅಂದೆ.

ಆಗಸ್ಟ್ 17, ಭಾನುವಾರ. ಬೆಳಿಗ್ಗೆ 10

ಬ್ಯಾರನ್‌ಗೆ ಹೊಸ ಸೊಪ್ಪು ತುಂಬಿ ಬಾಗಿಲು ಹಾಕಿಯಾಯ್ತು. 97. ಮತ್ತೆ ಐದು ದಿನ.

ಆ ನಾಲ್ಕು ಸಾಲು ನಾನೇ ತುಂಬಿದ್ದು ಅಂತ ಹೇಳಿದರೆ ಇದೇ ಒಲೆ, ಮುಂದಿನ ವರ್ಷವೂ. ಹೇಳದಿದ್ದರೆ ಮೈಸೂರು. ದಿನಾ ಅವಳ ಮುಖ ನೋಡ್ತಾ ಅವಳ ಟೇಬಲ್ ಒರೆಸಬೇಕು. ಎಲ್ಲಿ ಹೋದರೂ ಒಳಗೇ.

ಅದೇ ದಿನ. 2 ಗಂಟೆ

ಆ ನಾಲ್ಕು ದೂರ ಮತ್ತೆ ಓಡಿಸಿದೆ. ಎದ್ದು ಹೋಗದೆ ಕಾದೆ. 0. 0. 0. 0.

ಬಿಸಿ ಪುಸ್ತಕದಲ್ಲಿ 11, 12, 1 ಗಂಟೆ ಖಾಲಿ. ಹಾಗೇ ಬಿಟ್ಟೆ.

ಅಕ್ಕನಿಗೆ ಮೆಸೇಜ್ ಹಾಕಿದೆ. 'ಆ ನಾಲ್ಕು ಸಾಲು ಮೆಷಿನ್ ಹೇಳಿದ್ದಲ್ಲಕ್ಕ. ನಾನೇ ತುಂಬಿದ್ದು. ನಿನ್ನ ಮೆಥಡ್ ಸರಿಯಾಗೈತೆ.'

ಎರಡು ನೀಲಿ ಟಿಕ್. ಟೈಪ್ ಮಾಡ್ತಿದ್ದಾಳೆ. ನಿಲ್ಲಿಸಿದಳು.

ಅಪ್ಪ ಕೂಗ್ತಿದ್ದಾರೆ. 'ಎಷ್ಟೈತ್ಲಾ ಬಿಸಿ?'

ಮತ್ತೆ ಟೈಪ್—