ಆಗಲ್ಲ ಹಬ್ಬಕ್ಕೆ ಅಮ್ಮ ಇಲ್ಲ

ಚೂಟಿ,

ನೀನು ಏಳುವಷ್ಟರಲ್ಲಿ ನಾನು ಹೊಲಿಗೆ ಕಾರ್ಖಾನೆಯಲ್ಲಿರುತ್ತೇನೆ. ಮುಖ ಊದಿಸಿಕೊಳ್ಳಬೇಡ. ಹಾಲು ಕಾಯಿಸಿಟ್ಟಿದ್ದೇನೆ, ಅಜ್ಜಿಗೂ ಕೊಡು.

ನಿನ್ನ ಪುಸ್ತಕದ ಕತ್ತೆ ಮೂಟೆ ಕೆಳಗೆ ಹಾಕಿ "ಆಗಲ್ಲ" ಎಂದಿತಲ್ಲ, ಅದರ ನೆನಪಿಗೆ ಈ ಭಾನುವಾರ ಹಬ್ಬ ಅಂತ ನೀನೇ ಸಾರಿದ್ದೆ. ಮನೆಯವರೆಲ್ಲ ಯಾರಿಗಾದರೂ ಒಂದು ಸಲ "ಆಗಲ್ಲ" ಅನ್ನಲೇಬೇಕು. ನಿನ್ನೆ ಸಂಜೆ ಸೂಪರ್‌ವೈಸರ್ ಫೋನ್ ಮಾಡಿ "ನಾಳೆ ಭಾನುವಾರನೂ ಬಂದ್ಬಿಡಮ್ಮ" ಎಂದಾಗ ನೀನು ಕಾಗದದ ಕತ್ತೆ ಕಿವಿ ಕಟ್ಟಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದೆ. ನಾನು ಶುರು ಸರಿಯಾಗಿಯೇ ಮಾಡಿದೆ ಕಣೇ. "ಆಗ" ಎನ್ನುವವರೆಗೂ ಬಂದೆ. ಆಮೇಲೆ "ಲಿ ಸಾರ್" ಎಂದುಬಿಟ್ಟೆ. ಒಲ್ಲೆ ಎಂದರೆ ನನ್ನ ಮಷೀನಿನ ಮುಂದೆ ಬೇರೆಯವಳು ಕೂತಿರುತ್ತಾಳೆ.

ನೀನು ಕಿವಿ ಬಿಚ್ಚಿಟ್ಟು, ಗೋಡೆ ಕಡೆ ತಿರುಗಿ ಮಲಗಿದೆ. ಆಮೇಲೆ ಪಾತ್ರೆ ತೊಳೆಯುತ್ತ ನಾನೂ ಹೇಳಿ ನೋಡಿದೆ, ಆಗಲ್ಲ, ಆಗಲ್ಲ. ನಲ್ಲಿಗೆ ಹೇಳುವುದಾದರೆ ಎಷ್ಟು ಚೆನ್ನಾಗಿ ಬರುತ್ತದೆ!

ಆ ಕಿವಿಯನ್ನು ಊಟದ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೇನೆ, ಮನೆಯೆಲ್ಲ ಹುಡುಕಬೇಡ. ಹಬ್ಬವನ್ನು ಮುಂದಿನ ಭಾನುವಾರಕ್ಕೆ ಹಾಕು. ನನಗೆ ಮಾತ್ರ ಆಗಲ್ಲ ಅನ್ನಬೇಡ.

ಅಮ್ಮ